ಮಧುರೈ ಮೂರನೇ ಸಲಕ್ಕೆ ದಕ್ಕಿತು

ಎಪ್ಪತ್ತೆರಡು ವರ್ಷದ, ಮಂಡಿನೋವಿರುವ ಅಮ್ಮನನ್ನು ಟೂರ್ ಬಸ್ಸಿಲ್ಲದೆ ಮಧುರೈಗೆ ಕರ್ಕೊಂಡು ಹೋಗ್ತೀನಿ ಅಂದಾಗ ಅಣ್ಣ ನಕ್ಕ. "ಹಿಂದೆ ಎರಡು ಸಲ ಏನಾಯ್ತು, ನೆನಪಿದ್ಯಾ?" ಅಂದ. ನೆನಪಿತ್ತು. ಅದಕ್ಕೇ ಹೊರಟಿದ್ದು.

ಮೊದಲ ಸಲ ಪ್ಯಾಕೇಜ್. ರಾಮೇಶ್ವರವೂ ಸೇರಿ ತಲೆಗೆ ಎಂಟು ಸಾವಿರದ ಹತ್ತಿರ. ದಾರಿಯಲ್ಲಿ ತಿಂಡಿಗೆ ಒಂದೂವರೆ ಗಂಟೆ ನಿಲ್ಲಿಸಿ, ಮೀನಾಕ್ಷಿ ಗುಡಿ ಹತ್ತಿರ ಇಳಿಸಿದಾಗ ಹನ್ನೆರಡೂಕಾಲು. ಹನ್ನೆರಡೂವರೆಗೆ ಬಾಗಿಲು ಹಾಕ್ತಾರೆ, ಮತ್ತೆ ತೆಗೆಯೋದು ನಾಲ್ಕಕ್ಕೆ. ಬಸ್ಸು ಎರಡಕ್ಕೇ ಹೊರಡಬೇಕಂತೆ. ಗೋಪುರಕ್ಕೆ ಕೈಮುಗಿದು ವಾಪಸ್ ಹತ್ತಿದೆವು.

ಎರಡನೇ ಸಲ ನಮ್ಮದೇ ಕಾರು. ಪೆಟ್ರೋಲು, ಟೋಲು ಸೇರಿ ಒಂಬತ್ತು ಸಾವಿರ ಆಗಿರಬೇಕು. ಈ ಸಲ ದರ್ಶನ ಆಯ್ತು. ಕೆಟ್ಟಿದ್ದು ಹೊರಗೆ ಬರುವಾಗ. ಚಪ್ಪಲಿ, ಫೋನು ಬಿಟ್ಟಿದ್ದು ದಕ್ಷಿಣ ಗೋಪುರದ ಹತ್ತಿರ, ಜನ ತಳ್ಳಿ ತಳ್ಳಿ ಹೊರಬಿದ್ದಿದ್ದು ಪೂರ್ವದಲ್ಲಿ. ಹೊಸಬರ ಕಣ್ಣಿಗೆ ನಾಲ್ಕು ದಿಕ್ಕಿನ ಗೋಪುರವೂ ಒಂದೇ ಅಲ್ವಾ? ಮೇ ತಿಂಗಳು, ನಡುಮಧ್ಯಾಹ್ನ, ಚಿತ್ತಿರೈ ಬೀದಿಯ ಕಲ್ಲುಹಾಸು ಕಾದ ಕಾವಲಿ. ಅಮ್ಮ ಎರಡು ಹೆಜ್ಜೆ ಇಟ್ಟು ನಿಂತೇಬಿಟ್ಟರು. ಅಂಗಡಿಯವರೊಬ್ಬರು ಏನೂ ಕೇಳದೆ ಒಂದು ಗೋಣಿಚೀಲ ಎಸೆದರು. ಅಮ್ಮ ಅದರ ಮೇಲೆ ನಿಲ್ಲೋದು, ನಾನು ಇನ್ನೊಂದು ಕಡೆ ನನ್ನ ಟವೆಲ್ ಹಾಸೋದು, ಅವರು ಅದಕ್ಕೆ ದಾಟಿದ ಮೇಲೆ ಗೋಣಿ ಎಳೆದು ಮುಂದೆ ಹಾಕೋದು. ಹೀಗೇ ಮೂಲೆ ತಿರುಗಿ ದಕ್ಷಿಣಕ್ಕೆ ಬಂದೆವು. ನನ್ನ ಅಂಗಾಲಲ್ಲಿ ಎರಡು ಬೊಬ್ಬೆ.

ಮೂರನೇ ಸಲ ಅಮ್ಮ, ನನ್ನ ಹೆಂಡತಿ, ನಾನು. ಮೈಸೂರು–ತೂತ್ತುಕುಡಿ ರೈಲು, ಥರ್ಡ್ ಎಸಿ. ಹೋಗಿಬರಲು ಮೂವರಿಗೆ ಆರು ಸಾವಿರದ ಆಸುಪಾಸು. ಬೆಳಗ್ಗೆ ಏಳೂವರೆ ಹೊತ್ತಿಗೆ ಇಳಿದೆವು. ಸ್ಟೇಷನ್ ಗುಡಿಯ ಪಶ್ಚಿಮಕ್ಕೆ, ಹೆಚ್ಚೆಂದರೆ ಒಂದೂಕಾಲು ಕಿಲೋಮೀಟರ್. ಗುಡಿಯ ಸುತ್ತ ಚಿತ್ತಿರೈ, ಆವಣಿ ಮೂಲ, ಮಾಸಿ ಬೀದಿಗಳು ಒಂದರಾಚೆ ಒಂದು ಚೌಕ. ಮಾಸಿ ಬೀದಿಯಿಂದ ಒಳಗೇ ರೂಮು ಮಾಡಿ. ಲಾಡ್ಜ್ ಹೆಸರು ಮಾತ್ರ ಕೇಳಬೇಡಿ, ಮುಂದಿನ ವರ್ಷ ನನಗೇ ಸಿಗಲ್ಲ.

ಈಗ ಎಲ್ಲರೂ ಬೈದ ಭಾಗ. ಇಳಿದ ಕೂಡಲೇ ಗುಡಿಗೆ ಹೋಗಲಿಲ್ಲ. ಸ್ನಾನ, ಇಡ್ಲಿ, ನಿದ್ದೆ. "ದೇವರ ಊರಿಗೆ ಬಂದು ಮಲಗೋದೇನೋ!" ಅಂತ ಅಮ್ಮ ಗೊಣಗಿದರು. ದೇವರೂ ಮಧ್ಯಾಹ್ನ ಮಲಗ್ತಾನಲ್ಲಮ್ಮ, ಅಂದೆ. ಹೊರಟಿದ್ದು ರಾತ್ರಿ ಎಂಟಕ್ಕೆ. ಕಲ್ಲು ತಣ್ಣಗಿತ್ತು.

ಒಂಬತ್ತು ದಾಟಿದ ಮೇಲೆ ಪಳ್ಳಿಯರೈ ಪೂಜೆ. ಸುಂದರೇಶ್ವರನ ಪಾದಗಳನ್ನು ಬೆಳ್ಳಿ ಪಲ್ಲಕ್ಕಿಯಲ್ಲಿ ಮೀನಾಕ್ಷಿಯ ಮಲಗುವ ಕೋಣೆಗೆ ತರ್ತಾರೆ. ನಾದಸ್ವರ, ಸಾಂಬ್ರಾಣಿ ಹೊಗೆ, ಮಲ್ಲಿಗೆ. ಪಲ್ಲಕ್ಕಿ ಅಮ್ಮನಿಂದ ಮೂರು ಮಾರು ದೂರದಲ್ಲಿ ಹೋಯ್ತು. ಎಲ್ಲಿ ನಿಂತರೆ ಅಷ್ಟು ಹತ್ತಿರ ಸಿಗುತ್ತೆ ಅಂತ ಕಂಡುಕೊಳ್ಳಲು ನನಗೆ ಮುಕ್ಕಾಲು ಗಂಟೆ ಬೇಕಾಯ್ತು. ಆ ಜಾಗ ನೀವೇ ಹುಡುಕಿಕೊಳ್ಳಿ.

ಮರುದಿನ ಬೆಳಗ್ಗೆ ಐದಕ್ಕೆ ಮತ್ತೆ. ಸ್ಪೆಷಲ್ ಟಿಕೆಟ್ಟೂ ಬೇಕಾಗಲಿಲ್ಲ. ಹೋದ ಬಾಗಿಲಲ್ಲೇ ವಾಪಸ್ ಬಂದೆವು, ಪಾಠ ಕಲಿತಿದ್ದೆನಲ್ಲ. ಗುಡಿಯೊಳಗಿನ ಬೆಳ್ಳಿಯಂಬಲ ಅನ್ನೋ ಮಂಟಪದಲ್ಲಿ ನಟರಾಜನ ಮುಂದೆ ಅಮ್ಮ ತುಂಬಾ ಹೊತ್ತು ನಿಂತರು. ಬೇರೆ ಕಡೆ ಎಡಗಾಲು ಎತ್ತುವವನು ಇಲ್ಲಿ ಬಲಗಾಲು ಎತ್ತಿದ್ದಾನೆ. ಒಂದೇ ಕಾಲಲ್ಲಿ ನಿಂತರೆ ನೋವಾಗುತ್ತೆ, ಬದಲಾಯಿಸು ಅಂತ ಪಾಂಡ್ಯ ರಾಜನೊಬ್ಬ ಬೇಡಿಕೊಂಡನಂತೆ. ಕಥೆ ಹೇಳಿದೆ. "ನನ್ನ ಮಂಡಿ ಕೇಳೋರು ಯಾರೂ ಇಲ್ಲ" ಅಂದರು, ನಗ್ತಾ.

ತಿರುಮಲೈ ನಾಯಕರ ಮಹಲಿಗೆ ಸಂಜೆ ಆಟೋದಲ್ಲಿ ಹೋಗಿ ಬಂದೆವು. ಕಂಬಗಳು ದೊಡ್ಡವು, ಅಷ್ಟೇ. ಜಿಗರ್‌ಥಂಡಾ ಅನ್ನೋ ತಣ್ಣನೆ ಹಾಲಿನ ಪಾನೀಯ ಮೂರು ಅಂಗಡಿಯಲ್ಲಿ ಕುಡಿದು ನೋಡಿದೆ. ಮೂರನೆಯದು ಬೇಕಿರಲಿಲ್ಲ.

ರೂಮು ಒಂದು ದಿನಕ್ಕೆ 1,800, ರೈಲಿನ ತನಕ ಇಟ್ಟುಕೊಂಡಿದ್ದಕ್ಕೆ ಇನ್ನೊಂಬೈನೂರು. ಊಟ, ಆಟೋ, ಹೂವು ಎಲ್ಲ ಸೇರಿಸಿದರೂ ಒಟ್ಟು ಹನ್ನೆರಡು ಸಾವಿರ ದಾಟಲಿಲ್ಲ. ಮೂವರಿಗಾಗುವ ಪ್ಯಾಕೇಜಿನ ಅರ್ಧ.

ಹೂವು ಅಂದೆನಲ್ಲ, ಅದೂ ಒಂದು ಪ್ರಯೋಗ. ಮಧುರೈ ಮಲ್ಲಿಗೆ ಮೊಗ್ಗು ಆರು ಮೊಳ ತಗೊಂಡು ಎರಡು ಪಾಲು ಮಾಡಿದೆ. ಒಂದು ಪ್ಲಾಸ್ಟಿಕ್ ಕವರಲ್ಲಿ, ಇನ್ನೊಂದು ಬಾಳೆಲೆ ಸುತ್ತಿ ಒದ್ದೆ ಬಟ್ಟೆಯಲ್ಲಿ, ಎಸಿ ಗಾಳಿ ಬೀಳೋ ಕಡೆ. ಕವರಿನದು ಮೈಸೂರಿಗೆ ಬರೋಷ್ಟರಲ್ಲಿ ಕಂದಿತ್ತು. ಬಾಳೆಲೆಯದು ಮುಕ್ಕಾಲು ಮೊಗ್ಗಾಗೇ ಇತ್ತು. ಒಂದು ಮೊಳ ಕತ್ತರಿಸಿ ಅಣ್ಣನ ಮನೆಗೆ ಕಳಿಸಿದೆ.