ಔಡಲದ ಎಲೆಯಲ್ಲಿ ಸಿಕ್ಕ ನೆಂಟರು

ಬೆಳಗಾವಿ ಕಡೆ ನಮ್ಮದು 20 ಗುಂಟೆ ಸ್ಟ್ರಾಬೆರಿ. ಮಹಾಬಳೇಶ್ವರದ ಸಸಿ, ಅಕ್ಟೋಬರ್‌ನಲ್ಲಿ ನಾಟಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಣ್ಣು. ಮೊದಲ ವರ್ಷ ಗಿಡಹೇನು ಕಂಡ ಕೂಡಲೇ ಪೈರೆಥ್ರಾಯ್ಡ್ ಜಾತಿಯ ಎಣ್ಣೆ ಹೊಡೆದೆ (ನಮ್ಮಲ್ಲಿ ಕೀಟನಾಶಕಕ್ಕೆ ಎಣ್ಣೆ ಅಂತಲೇ ಅನ್ನುವುದು). ಹೇನೇನೋ ಹೋಯಿತು. ಸಂಕ್ರಾಂತಿ ಕಳೆದು ಬಿಸಿಲು ಏರಿದ್ದೇ ತಡ, ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿದವು. ಮಗುಚಿ ನೋಡಿದರೆ ನವಿರಾದ ಬಲೆ, ಅದರ ತುಂಬ ಜೇಡನುಸಿ. ಹೊಡೆದಷ್ಟೂ ಹೆಚ್ಚಾಯಿತು. ನುಸಿಯನ್ನು ತಿನ್ನುವವರನ್ನೆಲ್ಲ ನಾನೇ ಕೊಂದು ಹಾಕಿದ್ದೆ ಅನ್ನುವುದು ತಿಳಿದದ್ದು ಫಸಲು ಕೈಬಿಟ್ಟ ಮೇಲೆ.

ಮರುವರ್ಷ ಎಣ್ಣೆ ನಿಲ್ಲಿಸಿ, ಹೇನಿಗೆಂದು ಕ್ರೈಸೋಪರ್ಲಾ ಎಂಬ, ಮರಿಯಿದ್ದಾಗ ಹೇನು ತಿನ್ನುವ ಕೀಟದ ಮೊಟ್ಟೆ ತರಿಸಿದೆ. ಪಾರ್ಸೆಲ್ ತಡವಾಗಿ ಬಂತು. ಡಬ್ಬಿ ತೆರೆದರೆ ಮೊಟ್ಟೆ ಒಡೆದು ಮರಿಗಳು ಹೊರಬಂದು ಒಂದನ್ನೊಂದು ತಿನ್ನುತ್ತಿದ್ದವು! ಹಸಿದರೆ ಅವಕ್ಕೆ ತಮ್ಮವರು, ಬೇರೆಯವರು ಅನ್ನುವುದಿಲ್ಲ. ಎರಡನೇ ಸಲ ಮೊಟ್ಟೆ ಬಂದ ಸಂಜೆಯೇ ಎಲೆಗಳ ಮೇಲೆ ಉದುರಿಸಿದೆ. ಬೆಳಿಗ್ಗೆ ನೋಡಿದರೆ ಇರುವೆಗಳು ಅವನ್ನು ಸಾಲಾಗಿ ಹೊತ್ತು ಸಾಗಿಸುತ್ತಿದ್ದವು. ಹೇನಿನ ಸಿಹಿ ಅಂಟಿನ ಆಸೆಗೆ ಇರುವೆ ಹೇನನ್ನು ಕಾಯುತ್ತದೆ. ಬದುವಿನ ಗೂಡುಗಳನ್ನು ಅಗೆದು ಕುದಿನೀರು ಸುರಿದು, ಮೂರನೇ ಸಲ ಬಿಟ್ಟ ಮೇಲೆಯೇ ಹೇನು ಇಳಿದದ್ದು. ಅಷ್ಟರಲ್ಲಿ ಹೇನು ತಿನ್ನುವ ಗುಲಗಂಜಿ ಹುಳುಗಳೂ ತಾವಾಗಿ ಬಂದು ಸೇರಿಕೊಂಡವು.

“ದುಡ್ಡ ಕೊಟ್ಟು ಹುಳ ತಂದು ಹೊಲಕ್ಕ ಬಿಡತಿಯಲ್ಲೋ, ತಲಿ ಕೆಟ್ಟೈತೇನು?” ಅಂದಳು ಅವ್ವ.

ನುಸಿಯ ಚಿಂತೆ ಮಾತ್ರ ಹಾಗೇ ಇತ್ತು. ಅದು ಕೀಟವಲ್ಲ, ಎಂಟು ಕಾಲಿನ ಜೇಡನ ಬಳಗ. ಅದಕ್ಕೆ ಮದ್ದೂ ಅದೇ ಬಳಗದ್ದು: ನಿಯೋಸೀಯುಲಸ್ ಎಂಬ ಬೇಟೆಗಾರ ನುಸಿ. ಎಲ್ಲಿ ಕೊಳ್ಳಲಿ ಎಂದು ಹುಡುಕುತ್ತಿದ್ದವನಿಗೆ ಅದು ಸಿಕ್ಕಿದ್ದು ಬದುವಿನಲ್ಲಿ, ಎಣ್ಣೆಯನ್ನೇ ಕಾಣದ ಒಂದು ಔಡಲದ ಗಿಡದಲ್ಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬೆನ್ನ ಮೇಲೆ ಎರಡು ಕಪ್ಪು ಚುಕ್ಕೆಯ ಜೇಡನುಸಿ ಕುಳಿತಲ್ಲೇ ರಸ ಹೀರುತ್ತದೆ. ಬೇಟೆಗಾರ ನುಸಿಗೆ ಹೊಳೆಯುವ ಮೈ, ಕಿತ್ತಳೆ ಛಾಯೆ, ನಿಲ್ಲದ ಓಟ.

ಕುಂಡಗಳಲ್ಲಿ ಬೀನ್ಸ್ ಬೆಳೆಸಿ, ಅವಕ್ಕೆ ಬೇಕೆಂದೇ ಜೇಡನುಸಿ ಹತ್ತಿಸಿದೆ. ಮೇಲೆ ಔಡಲದ ಎಲೆ ಹಾಸಿದೆ. ಎರಡು ವಾರದಲ್ಲಿ ಬೇಟೆಗಾರರ ಸಂತತಿ ತುಂಬಿತು. ಆ ಬೀನ್ಸ್ ಎಲೆಗಳನ್ನು ಕಿತ್ತು, ನುಸಿ ಆಗಷ್ಟೇ ಕಾಣಿಸಿಕೊಂಡಿದ್ದ ಸ್ಟ್ರಾಬೆರಿ ಗಿಡಗಳ ನಡುವೆ ಸಂಜೆ ಹೊತ್ತು ಇಟ್ಟೆ. ಬಲೆ ಕಟ್ಟುವವರೆಗೆ ಕಾದಿದ್ದರೆ ಇವುಗಳ ಕೈಯಲ್ಲಿ ಆಗುತ್ತಿರಲಿಲ್ಲ. ಹೊಸ ಎಲೆಗಳು ಹಸಿರಾಗಿಯೇ ಬಂದವು. ಮಣ್ಣುರಸ್ತೆ ಪಕ್ಕದ ಮೂರು ಸಾಲು ಮಾತ್ರ ಕೆಟ್ಟವು. ಧೂಳು ಕೂತ ಎಲೆಯೆಂದರೆ ಜೇಡನುಸಿಗೆ ಹಬ್ಬ. ಈಗ ಬೇಸಿಗೆ ಹತ್ತಿರವಾದಂತೆ ರಸ್ತೆಗೆ ನೀರು ಚಿಮುಕಿಸುತ್ತೇನೆ. ರಸ ಹೀರುವ ಇನ್ನೊಂದು ಸಣ್ಣ ಕೀಟ ಥ್ರಿಪ್ಸ್‌ಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ, ನೀಲಿ ಅಂಟುಹಾಳೆ ಕಟ್ಟಿ ದಿನ ದೂಡುತ್ತಿದ್ದೇನೆ.

ಫೆಬ್ರವರಿಯಲ್ಲಿ ವ್ಯಾಪಾರಿ ಫೋನ್ ಮಾಡಿದ: “ಅಣ್ಣಾ, ಡಬ್ಬಿಯಾಗ ಕೆಂಪು ಹುಳ ಬಂದೈತಿ, ಗಿರಾಕಿ ಬೈಯಾಕತ್ತಾರ.” ಗುಲಗಂಜಿ ಹುಳು. ಅಂದಿನಿಂದ ಕೊಯ್ಯುವಾಗ ತೊಟ್ಟು ಕೊಡವಿ ಡಬ್ಬಿಗೆ ಹಾಕುವ ಕೆಲಸ ಅವ್ವನದು. ಉದುರಿದ ಹುಳುವನ್ನು ಅವಳೇ ಎತ್ತಿ ಗಿಡಕ್ಕೆ ಬಿಡುತ್ತಾಳೆ.