ತಿನ್ನೋದಕ್ಕೆಂದೇ ಪ್ರವಾಸ: ಊರು ಆರಿಸುವುದು ಹೇಗೆ?

ಊಟಕ್ಕಾಗಿಯೇ ವಿದೇಶಕ್ಕೆ ಹೊರಟವರು ಸಾಮಾನ್ಯವಾಗಿ ಮೊದಲು ದೇಶ ಹುಡುಕುತ್ತಾರೆ. ಇಟಲಿಯೋ, ಜಪಾನೋ, ಮೆಕ್ಸಿಕೋವೋ? ಅಲ್ಲಿಂದ ಶುರು ಮಾಡಬೇಡಿ. ಯಾವ ಒಂದು ತಿನಿಸಿಗಾಗಿ ಅಷ್ಟು ದೂರ ಹೋಗೋಕೆ ನಿಮಗೆ ಮನಸ್ಸಿದೆ ಅಂತ ಮೊದಲು ಯೋಚಿಸಿ. ಅದನ್ನು ಚೆನ್ನಾಗಿ ಮಾಡುವ ಊರು, ಅದು ಸಿಗುವ ತಿಂಗಳು, ಅಲ್ಲಿಯವರು ಅದನ್ನು ತಿನ್ನುವ ಹೊತ್ತು, ಈ ಮೂರು ತಿಳಿದುಕೊಂಡ ಮೇಲೆ ಟಿಕೆಟ್ ಮಾಡಿಸಿ.

ಮೊದಲು ತಿನಿಸು, ಆಮೇಲೆ ಊರು

ಪಿಜ್ಜಾ ಅಂದರೆ ಇಟಲಿಯ ನೇಪಲ್ಸ್. ಅಲ್ಲಿನ ಪಿಜ್ಜಾ ಮಾಡುವವರ ಕಲೆಯನ್ನು ಯುನೆಸ್ಕೋ 2017ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪಾಸ್ತಾ, ಚೀಸ್ ಇಷ್ಟ ಇದ್ದರೆ ಅದೇ ದೇಶದ ಬೊಲೋನ್ಯದಲ್ಲಿ ಉಳಿದುಕೊಳ್ಳಿ. ಅಲ್ಲಿಂದ ಪಾರ್ಮಾ, ಮೊಡೆನಾ ಎರಡಕ್ಕೂ ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಪಾರ್ಮೆಸಾನ್ ಚೀಸ್ ಕನಿಷ್ಠ 12 ತಿಂಗಳು ಮಾಗಬೇಕು, ಮೊಡೆನಾದ ಸಾಂಪ್ರದಾಯಿಕ ಬಾಲ್ಸಾಮಿಕ್ ವಿನೆಗರ್ ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಕೂರಬೇಕು, ಇದನ್ನೆಲ್ಲ ಮಾಡುವ ಜಾಗದಲ್ಲೇ ನಿಂತು ರುಚಿ ನೋಡುವ ಸುಖವೇ ಬೇರೆ. ತೆಳು ಹಾಳೆಗಳ ನಡುವೆ ಪಿಸ್ತಾ ತುಂಬಿದ ಸಿಹಿ ಬಕ್ಲಾವಾ ಬೇಕಾದರೆ ಟರ್ಕಿಯ ಇಸ್ತಾಂಬುಲ್‌ನಲ್ಲೇ ನಿಲ್ಲಬೇಡಿ, ಪಿಸ್ತಾಕ್ಕೆ ಹೆಸರಾದ ಗಾಜಿಯಾಂಟೆಪ್‌ವರೆಗೂ ಹೋಗಿ. ಮೆಣಸಿನಕಾಯಿ, ಮಸಾಲೆ, ಕೆಲವೊಮ್ಮೆ ಚಾಕೊಲೇಟ್ ಕೂಡ ಅರೆದು ಮಾಡುವ ಗಟ್ಟಿ ಸಾರುಗಳಿಗೆ ಮೆಕ್ಸಿಕೋದ ಒಹಾಕಾ.

ಯಾವ ತಿನಿಸು ಅಂತ ತೀರ್ಮಾನ ಆಗ್ತಾ ಇಲ್ಲವಾ? ಹಾಗಾದರೆ ಸಿಂಗಪುರದಿಂದ ಶುರು ಮಾಡಿ. ಅಲ್ಲಿನ ಹಾಕರ್ ಸೆಂಟರ್‌ಗಳಲ್ಲಿ ಚೀನಾ, ಮಲಯ, ಭಾರತದ ಅಡುಗೆಗಳು ಒಂದೇ ಸೂರಿನಡಿ ಸಿಗುತ್ತವೆ. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಅಲ್ಲಿ ಕೂರಬೇಡಿ, ಯಾರೋ ಜಾಗ ಹಿಡಿದಿದ್ದಾರೆ ಅಂತ ಅರ್ಥ. ಬೀದಿ ಬದಿಯ ರುಚಿಯೇ ಬೇಕು ಅನ್ನುವವರಿಗೆ ಮಲೇಷ್ಯಾದ ಪೆನಾಂಗ್ ಇನ್ನೂ ಹಿಡಿಸುತ್ತದೆ. ಹುಣಸೆಹಣ್ಣಿನ ಹುಳಿ, ಮೀನು ಹಾಕಿದ ಅಸ್ಸಾಂ ಲಕ್ಸಾವನ್ನು ಅಲ್ಲಿ ತಿಂದ ಮೇಲೆ ಬೇರೆ ಕಡೆಯದು ಸಪ್ಪೆ ಅನಿಸುತ್ತದೆ.

ತಿಂಗಳು ನೋಡಿ

ಇಟಲಿಯ ಆಲ್ಬಾದಲ್ಲಿ ಬಿಳಿ ಟ್ರಫಲ್ ಅನ್ನುವ, ನೆಲದಡಿ ಬೆಳೆಯುವ ದುಬಾರಿ ಅಣಬೆಯ ಸುಗ್ಗಿ ಅಕ್ಟೋಬರ್, ನವೆಂಬರ್‌ನಲ್ಲಿ. ಜೂನ್‌ನಲ್ಲಿ ಹೋದರೆ ತಾಜಾ ಸಿಗಲ್ಲ. ಆಗಸ್ಟ್‌ನಲ್ಲಿ ಪ್ಯಾರಿಸ್, ಲಿಯೋನ್‌ಗಳ ಎಷ್ಟೋ ಒಳ್ಳೆಯ ಹೋಟೆಲಿನವರು ರಜೆ ಹಾಕಿ ಹೋಗಿರುತ್ತಾರೆ. ರಂಜಾನ್ ತಿಂಗಳಲ್ಲಿ ಹಲವು ಮುಸ್ಲಿಂ ದೇಶಗಳಲ್ಲಿ ಹಗಲು ಊಟ ಸಿಗುವುದು ಕಷ್ಟ, ಆದರೆ ಸೂರ್ಯ ಮುಳುಗಿದ ಮೇಲೆ ಆ ಬೀದಿಗಳ ಸಂಭ್ರಮ ನೋಡಬೇಕು. ಅದಕ್ಕಾಗಿಯೇ ಹೋದರೂ ತಪ್ಪಿಲ್ಲ.

ಗಡಿಯಾರ ಬದಲಿಸಿಕೊಳ್ಳಿ

ಜಾಸ್ತಿ ಜನ ಎಡವುವುದು ಇಲ್ಲೇ. ಪೆರುವಿನ ಲಿಮಾದಲ್ಲಿ ನಿಂಬೆರಸದ ಹಸಿ ಮೀನಿನ ಸೆವಿಚೆ ಮಧ್ಯಾಹ್ನದ ಊಟ. ಬೆಳಗಿನ ಮೀನು ಮಧ್ಯಾಹ್ನವೇ ತಿನ್ನಬೇಕು ಅನ್ನುವುದು ಅಲ್ಲಿಯ ರೂಢಿ, ಹಾಗಾಗಿ ಅದನ್ನೇ ಮಾಡುವ ಬಹಳಷ್ಟು ಅಂಗಡಿಗಳು ಸಂಜೆಗೆ ಬಾಗಿಲು ಹಾಕುತ್ತವೆ. ವಿಯೆಟ್ನಾಂನ ಹನೋಯಿಯಲ್ಲಿ ಫೋ ಅನ್ನುವ ನೂಡಲ್ಸ್ ಸೂಪನ್ನು ಬೆಳಿಗ್ಗೆ ಬೇಗ ಎದ್ದು ತಿನ್ನಿ. ಟೋಕಿಯೋದ ತ್ಸುಕಿಜಿಯಿಂದ ಸಗಟು ಮೀನು ಮಾರುಕಟ್ಟೆ 2018ರಲ್ಲಿ ಟೊಯೊಸುಗೆ ಹೋಯಿತು, ಹೊರಗಿನ ಸಾಲಿನ ತಿಂಡಿ ಅಂಗಡಿಗಳು ಮಾತ್ರ ಇನ್ನೂ ಅಲ್ಲೇ ಇವೆ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅವೂ ಬಹುಪಾಲು ಮುಚ್ಚುತ್ತವೆ.

ಸ್ಪೇನ್‌ನಲ್ಲಿ ಇದೆಲ್ಲ ತಲೆಕೆಳಗು. ರಾತ್ರಿ ಊಟ ಒಂಬತ್ತರ ಮೇಲೆ. ಏಳಕ್ಕೇ ಹಸಿವಾದರೆ? ಸ್ಯಾನ್ ಸೆಬಾಸ್ಟಿಯನ್‌ಗೆ ಹೋಗಿ. ನನ್ನನ್ನು ಕೇಳಿದರೆ ತಿನ್ನುವವರು ಜೀವನದಲ್ಲಿ ಒಮ್ಮೆ ನೋಡಲೇಬೇಕಾದ ಊರು ಅದು. ಹಳೇ ಪೇಟೆಯ ಬಾರ್‌ಗಳ ಕಟ್ಟೆ ಮೇಲೆ ಪಿಂಚೋ ಅನ್ನುವ ಪುಟ್ಟ ತಿನಿಸುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಮೊದಲ ಬಾರ್‌ನಲ್ಲೇ ತಟ್ಟೆ ತುಂಬಿಸಿಕೊಳ್ಳಬೇಡಿ. ಒಂದು ತಿನ್ನಿ, ಹೆಚ್ಚೆಂದರೆ ಎರಡು, ನಿಂತೇ ತಿನ್ನಿ, ದುಡ್ಡು ಕೊಟ್ಟು ಮುಂದಿನ ಬಾರ್‌ಗೆ ನಡೆಯಿರಿ. ಆಲಿವ್, ಉಪ್ಪಿನಲ್ಲಿಟ್ಟ ಆಂಚೊವಿ ಮೀನು, ಹುಳಿ ಮೆಣಸಿನಕಾಯಿ ಚುಚ್ಚಿದ ಗಿಲ್ಡಾದಿಂದ ಶುರು ಮಾಡಿ. ಆಮೇಲೆ ಗೋಡೆಯ ಹಲಗೆ ಓದಿ, ಬಿಸಿ ಪಿಂಚೋಗಳ ಹೆಸರು ಅಲ್ಲಿರುತ್ತದೆ, ಕೇಳಿದ ಮೇಲೆ ಅಡುಗೆಮನೆಯಲ್ಲಿ ಮಾಡಿಕೊಡುತ್ತಾರೆ. ಕಟ್ಟೆ ಮೇಲಿನದನ್ನಷ್ಟೇ ತಿಂದು ಬಂದರೆ ಒಳ್ಳೆಯದನ್ನೇ ಬಿಟ್ಟು ಬಂದ ಹಾಗೆ, ಅಲ್ವಾ?

ಸಸ್ಯಾಹಾರಿಗಳು ಹೀಗೆ ಮಾಡಿ

ಜಪಾನ್‌ನಲ್ಲಿ ಬರೀ ತರಕಾರಿ ಸೂಪ್ ಅಂದುಕೊಂಡದ್ದರಲ್ಲೂ ಒಣ ಮೀನಿನ ಸಾರು ಇರುತ್ತದೆ. ವಿಯೆಟ್ನಾಂ, ಥಾಯ್ಲೆಂಡ್‌ಗಳಲ್ಲಿ ಮೀನಿನ ಸಾಸ್. ಥಾಯ್ಲೆಂಡ್‌ನಲ್ಲಿ 'ಜೇ' ಅಂತ ಕೇಳಿ, ಅಂದರೆ ಶುದ್ಧ ಸಸ್ಯಾಹಾರ, ಆ ಹೆಸರಿನ ಹಳದಿ ಬಾವುಟ ಇರುವ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಹಾಕಲ್ಲ. ಬೆಳ್ಳುಳ್ಳಿಯೂ ಇರಲ್ಲ. ನಿಶ್ಚಿಂತೆಯಿಂದ ಹೊಟ್ಟೆ ತುಂಬ ತಿನ್ನಬೇಕಾದರೆ ಇಥಿಯೋಪಿಯಾ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ವ್ರತ ಮಾಡುತ್ತಾರೆ, ಮಾಂಸ ಹಾಲು ಎರಡೂ ಮುಟ್ಟಲ್ಲ. ಆ ದಿನ 'ಯೆತ್ಸೊಮ್ ಬೆಯಾಯ್ನೆತು' ಅಂತ ಕೇಳಿದರೆ ಟೆಫ್ ಅನ್ನುವ ಸಣ್ಣ ಧಾನ್ಯದ ಹಿಟ್ಟಿನ, ದೋಸೆಯಂಥ ದೊಡ್ಡ ಇಂಜೆರಾ ಮೇಲೆ ಬೇಳೆ, ಸೊಪ್ಪು, ತರಕಾರಿಯ ಬಣ್ಣಬಣ್ಣದ ಪಲ್ಯಗಳನ್ನು ಬಡಿಸಿ ತರುತ್ತಾರೆ.

ಇನ್ನು ದಿನಗಳ ಲೆಕ್ಕ. ವಾರದಲ್ಲಿ ನಾಲ್ಕು ಊರು ಸುತ್ತಬೇಡಿ, ಒಂದೇ ಊರಲ್ಲಿ ನಾಲ್ಕು ದಿನ ಇರಿ. ಮೊದಲ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ, ಅಲ್ಲಿ ರಾಶಿ ಬಿದ್ದಿರುವ ತರಕಾರಿ, ಮೀನು ಯಾವುದು ನೋಡಿಕೊಂಡು ಅದನ್ನೇ ಸಂಜೆ ಹೋಟೆಲಿನಲ್ಲಿ ಕೇಳಿ. ಯಾವುದಾದರೂ ಅಲರ್ಜಿ ಇದ್ದರೆ ಅಲ್ಲಿನ ಭಾಷೆಯಲ್ಲಿ ಚೀಟಿ ಬರೆಸಿ ಇಟ್ಟುಕೊಳ್ಳಿ. ಕೊನೆಯ ದಿನದ ಊಟಕ್ಕೆ ಮಾತ್ರ ಏನೂ ಬುಕ್ ಮಾಡಬೇಡಿ. ಅಷ್ಟು ದಿನದಲ್ಲಿ ತುಂಬಾ ಇಷ್ಟವಾದ ಅಂಗಡಿಗೇ ಮತ್ತೆ ಹೋಗಿ, ಆವತ್ತು ತಿಂದದ್ದನ್ನೇ ಇನ್ನೊಮ್ಮೆ ಹೇಳಿ.