ಡಿಸ್ಕ್ ಹೋದ ಕಂಪ್ಯೂಟರ್ ಗುಜರಿಗೆ ಹಾಕಬೇಡಿ
ಗದಗ, ಹಾವೇರಿ ಕಡೆ ಶಾಲೆ ಲ್ಯಾಬ್ ನೋಡಿಕೊಳ್ಳುವವರು ದಯವಿಟ್ಟು ಓದಿ. ಡಿಸ್ಕ್ ಇಲ್ಲದಿದ್ದರೂ ನೆಟ್‌ವರ್ಕ್ ಬೂಟ್ (ಡಿಸ್ಕ್ ಬದಲು ನೆಟ್‌ವರ್ಕ್ ಮೂಲಕ ಸರ್ವರ್‌ನಿಂದ ಶುರುವಾಗುವ ಸೌಲಭ್ಯ) ಇದ್ದರೆ ಸಾಕು. ಒಂದೇ ಲಿನಕ್ಸ್ ಸರ್ವರ್ ಡಿಎಚ್‌ಸಿಪಿಯಿಂದ (ಮಷಿನ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ವ್ಯವಸ್ಥೆ) ವಿಳಾಸ ಕೊಟ್ಟು, ಟಿಎಫ್‌ಟಿಪಿಯಿಂದ (ಬೂಟ್ ಫೈಲ್ ಕಳಿಸುವ ಸರಳ ವಿಧಾನ) ಲಿನಕ್ಸ್‌ನ ತಿರುಳಾದ ಕರ್ನಲ್ ಕಳಿಸಿ, ಎನ್‌ಎಫ್‌ಎಸ್‌ನಿಂದ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ವಿಧಾನ) ರೂಟ್ ಫೈಲ್‌ಸಿಸ್ಟಮ್, ಅಂದರೆ ಸಿಸ್ಟಮ್‌ನ ಎಲ್ಲಾ ಫೈಲ್ ಇರುವ ಮೂಲ ಫೋಲ್ಡರ್, ಒದಗಿಸುತ್ತದೆ.

ಮುಖ್ಯ ವಿಷಯ ರೂಟ್‌ನದ್ದು. ಎಲ್ಲಾ ಮಷಿನ್‌ಗೂ ಒಂದೇ ರೂಟ್ ಕೊಡುವಾಗ ಓದಲು ಮಾತ್ರ ಬಿಡಿ, ಇಲ್ಲದಿದ್ದರೆ ಒಂದು ಬರೆದ ಫೈಲ್ ಮೇಲೆ ಇನ್ನೊಂದು ಬರೆದು ಎಲ್ಲಾ ಕಲಸಿಹೋಗುತ್ತದೆ. ತಾತ್ಕಾಲಿಕ ಫೈಲ್, ಲಾಗ್‌ಗಳನ್ನು ಆಯಾ ಮಷಿನ್‌ನ ರ್‍ಯಾಮ್‌ನಲ್ಲೇ ಇಡಿ, ಆದರೆ ಮಕ್ಕಳು ಮಾಡಿದ ಕೆಲಸ ಉಳಿಯಬೇಕಲ್ವಾ, ಅದಕ್ಕೆ ಹೋಮ್ ಫೋಲ್ಡರ್ ಬೇರೆ ಶೇರ್ ಮಾಡಿ.

ಬೂಟ್ ಶುರುವಲ್ಲೇ ನಿಂತರೆ ರೂಟರ್‌ನ ಡಿಎಚ್‌ಸಿಪಿಯೂ ಆನ್ ಇದೆಯಾ ನೋಡಿ, ಸಾಮಾನ್ಯವಾಗಿ ಅದಕ್ಕೂ ಸರ್ವರ್‌ನ ಡಿಎಚ್‌ಸಿಪಿಗೂ ಜಗಳ ಅಲ್ಲೇ. ವೈಫೈ ಬೇಡ, ಕೇಬಲ್ಲೇ ಇರಲಿ. ಕರೆಂಟ್ ಹೋದರೆ ಅಂತ ಸರ್ವರ್ ಜೊತೆ ಕೇಬಲ್‌ಗಳೆಲ್ಲ ಸೇರುವ ನೆಟ್‌ವರ್ಕ್ ಸ್ವಿಚ್‌ಗೂ ಯುಪಿಎಸ್ ಕೊಡಿ.